ಓಕ್ ಮರದಡಿ ಮುಚ್ಚಿದ ಗುಂಡಿ

"ನಿಂತಲ್ಲೇ ನಿಲ್ಲಿ ಸಾರ್ಜೆಂಟರೇ! ನಿಮ್ಮ ಎಡಗಾಲು ಸಾಕ್ಷಿ ಮೇಲಿದೆ."

ಬೆಲ್ತ್ರಾನ್ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಕೆಳಗೆ ನೋಡಿದ. "ಏನಿದೆ ಇಲ್ಲಿ? ಬರೀ ಮಣ್ಣು."

"ಆ ಮಣ್ಣೇ ಸಾಕ್ಷಿ. ಆಚೆ ಬನ್ನಿ."

ಅವನು ಗೊಣಗುತ್ತಾ ಪಕ್ಕಕ್ಕೆ ಸರಿದ. ನಾನು ಮಂಡಿಯೂರಿ ಕೂತೆ. ಅರವತ್ತೊಂದರ ಮಂಡಿ, ಜನವರಿಯ ಹಿಮ. ಕೂರುವುದಕ್ಕೇ ಅರ್ಧ ನಿಮಿಷ ಹಿಡಿಯಿತು.

ಗುರುವಾರ ಬೆಳಿಗ್ಗೆ ಇದೇ ಓಕ್ ಮರದಡಿ, ತನ್ನದೇ ತೋಪಿನಲ್ಲಿ, ಸೆಫೆರಿನೊ ತಲೆಯ ಹಿಂಭಾಗ ಒಡೆದು ಸತ್ತುಬಿದ್ದಿದ್ದ. ಸಂಜೆಯೊಳಗೆ ಡೋರು ಲಾಕಪ್ಪಿನಲ್ಲಿದ್ದ. ಇವತ್ತು ಶನಿವಾರ. ಮಧ್ಯಾಹ್ನ ಒಂದು ಗಂಟೆಗೆ ಡೋರುವನ್ನು ತೆರುಎಲ್ ಪಟ್ಟಣಕ್ಕೆ ಕರೆದೊಯ್ದು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಜೈಲು. ರೊಮೇನಿಯಾದಿಂದ ಕೂಲಿಗೆ ಬಂದವನು, ಹೋದ ವರ್ಷ ಕರಿಗಡ್ಡೆ ಕದ್ದು ಸಿಕ್ಕಿಬಿದ್ದವನು. ಊರಿಗೆಲ್ಲ ಇಷ್ಟೇ ಸಾಕಾಗಿತ್ತು.

ಕರಿಗಡ್ಡೆ ಎಂದರೆ ಪೇಟೆಯವರು ಟ್ರಫಲ್ ಎನ್ನುವ ಅಣಬೆ. ಓಕ್ ಬೇರಿಗೆ ಅಂಟಿಕೊಂಡು ನೆಲದೊಳಗೇ ಹುಟ್ಟುತ್ತದೆ, ನೆಲದೊಳಗೇ ಬಲಿಯುತ್ತದೆ. ನಮ್ಮ ಕರಸ್ಕಾಲ್ ಊರು ಬದುಕುತ್ತಿರುವುದೇ ಅದರಿಂದ. ಅದು ಚೆನ್ನಾಗಿ ಬೇರುಹಿಡಿದ ಮರದ ಸುತ್ತ ಹುಲ್ಲುಕಡ್ಡಿಯೂ ಬೆಳೆಯದು. ನೆಲ ಸುಟ್ಟಂತೆ ಬೋಳಾಗುತ್ತದೆ.

ಆ ಬೋಳುನೆಲದ ಮೇಲೆ ಸೆಫೆರಿನೊನ ಬಲಗೈ ಚಾಚಿದ್ದ ಜಾಗದಲ್ಲಿ ಮಣ್ಣಿನ ಬಣ್ಣ ಒಂದು ಮೊಳದಷ್ಟು ಅಗಲ ಬೇರೆಯಾಗಿತ್ತು.

"ಇಲ್ಲಿ ಯಾರೋ ಗುಂಡಿ ತೋಡಿದ್ದಾರೆ," ಎಂದೆ.

"ಗೊತ್ತು. ವರದಿಯಲ್ಲಿ ಬರೆದಿದ್ದೀನಿ. ಡೋರು ಬೇಲಿ ಕತ್ತರಿಸ್ದ, ಒಳಗೆ ಬಂದ, ಗುಂಡಿ ತೋಡಿ ಗಡ್ಡೆ ತೆಗೆದ. ಅಷ್ಟ್ರಲ್ಲಿ ಮುದುಕ ಬಂದ. ಡೋರು ಹೊಡೆದ. ಇನ್ನೇನು?"

"ಗುಂಡಿ ತೋಡಿದ ಅಂತ ಬರೆದಿದ್ದೀರಿ. ಮುಚ್ಚಿದವರು ಯಾರು ಅಂತ ಬರೆದಿದ್ದೀರಾ?"

ಬೆಲ್ತ್ರಾನ್ ಬಗ್ಗಿ ಮಣ್ಣು ನೋಡಿದ. ಅವನು ಸಮುದ್ರತೀರದ ಕಡೆಯವನು, ನಮ್ಮ ಠಾಣೆಗೆ ಬಂದು ಮೂರೇ ವರ್ಷ. ಪಾಪ, ಅವನ ತಪ್ಪಲ್ಲ.

"ನೋಡಿ," ಎಂದು ಕಡ್ಡಿಯಿಂದ ತೋರಿಸಿದೆ. "ತೆಗೆದ ಮಣ್ಣನ್ನೇ ವಾಪಸ್ ತುಂಬಿದ್ದಾರೆ. ಮೇಲೆ ತರಗೆಲೆ ಹರಡಿದ್ದಾರೆ. ಗುಂಡಿ ತೆರೆದು ಬಿಟ್ರೆ ಬೇರಿಗೆ ಹಿಮ ಹೊಡೆಯುತ್ತೆ, ಅಣಬೆ ಸಾಯುತ್ತೆ, ಬರೋ ವರ್ಷ ಆ ಮರದಡಿ ಸೊನ್ನೆ. ಅದಕ್ಕೇ ನಮ್ಮೂರಲ್ಲಿ ಗಡ್ಡೆ ತೆಗೆದವರು ಗುಂಡಿ ಮುಚ್ಚದೆ ಎದ್ದು ಬರೋದಿಲ್ಲ. ಮುಚ್ಚಬೇಕು ಅಂತ ಯೋಚನೆ ಮಾಡೋದೂ ಇಲ್ಲ. ಕೈ ತಾನೇ ಮಾಡುತ್ತೆ."

"ಡೋರು ಕೈಯೂ ಮಾಡಿರಬಹುದಲ್ವಾ?"

"ಹೋದ ವರ್ಷ ಅವನ ಮೇಲೆ ದೂರು ಕೊಟ್ಟದ್ದು ಇದೇ ಸೆಫೆರಿನೊ. ದೂರಿನ ಜೊತೆ ಹನ್ನೊಂದು ಫೋಟೊ ಲಗತ್ತಿಸಿದ್ದ. ನಿಮ್ಮ ಕಪಾಟಲ್ಲೇ ಇದೆ, ಹೋಗಿ ನೋಡಿ. ಹನ್ನೊಂದು ಗುಂಡಿ, ಹನ್ನೊಂದೂ ಹಂದಿ ಕೆದರಿದ ಹಾಗೆ ತೆರೆದೇ ಇದ್ವು. ಗಡ್ಡೆ ಕದ್ದದ್ದಕ್ಕಿಂತ ಅದಕ್ಕೇ ಊರಿನವರಿಗೆ ಹೆಚ್ಚು ಸಿಟ್ಟು ಬಂದಿತ್ತು. ಕಳ್ಳನಿಗೆ ಮುಂದಿನ ವರ್ಷದ ಚಿಂತೆ ಯಾಕೆ ಹೇಳಿ?"

ಬೆಲ್ತ್ರಾನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಂದ್ರೆ, ಕಳ್ಳತನದ ಹಾಗೆ ಕಾಣಲಿ ಅಂತ ಬೇಲಿ ಕತ್ತರಿಸ್ದವನು ಅಭ್ಯಾಸಬಲದಿಂದ ಗುಂಡಿ ಮುಚ್ಚಿಬಿಟ್ಟ. ಊರವನೇ ಅಂತೀರಿ."

"ಊರವನೇ."

"ಡಾಕ್ಟರಮ್ಮಾ, ನನಗೇನೋ ಸರಿ ಅನ್ನಿಸ್ತಿದೆ. ಆದ್ರೆ ನ್ಯಾಯಾಧೀಶರು ಬಾರ್ಸಿಲೋನದವರು. ಮುಚ್ಚಿದ ಗುಂಡಿ ತಗೊಂಡು ಹೋಗಿ ಅವರ ಮುಂದಿಟ್ರೆ ನಗ್ತಾರೆ. ಕೈಯಲ್ಲಿ ಹಿಡಿಯೋಂಥದ್ದು ಏನಾದ್ರೂ ಕೊಡಿ."

ನಾನು ಡಾಕ್ಟರೂ ಅಲ್ಲ, ಏನೂ ಅಲ್ಲ. ಸಹಕಾರ ಸಂಘದ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಓಕ್ ಸಸಿಗಳ ಬೇರು ನೋಡಿ, ಸರಿಯಾದ ಅಣಬೆ ಹತ್ತಿದೆಯೋ ಇಲ್ಲವೋ ಹೇಳಿ ಮೊಹರು ಒತ್ತುವವಳು. ಊರಿನವರು ತಮಾಷೆಗೆ ಬೇರಿನ ಡಾಕ್ಟರಮ್ಮ ಎಂದರು. ಹೆಸರು ಹಾಗೇ ನಿಂತಿತು.

ಏಳುವ ಮುಂಚೆ ಗುಂಡಿಯನ್ನು ಇನ್ನೊಮ್ಮೆ ನೋಡಿದೆ. ಮಣ್ಣು ಒತ್ತಿದ ಗುರುತು ಹಿಮಕ್ಕೆ ಗಟ್ಟಿಯಾಗಿ ಉಳಿದಿತ್ತು. ನಾವು ಗುಂಡಿ ಮುಚ್ಚಿ ಹಿಮ್ಮಡಿಯಿಂದ ತುಳಿಯುತ್ತೇವೆ. ಇಲ್ಲಿ ಇದ್ದದ್ದು ಅಂಗೈ ಗುರುತು. ವಿಚಿತ್ರ ಅನ್ನಿಸಿತು, ಆದರೆ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಎದ್ದುಬಿಟ್ಟೆ. ಮಂಕು ಬಡಿದಿತ್ತು ನನಗೆ.

"ಸೆಫೆರಿನೊನ ಬಟ್ಟೆ ಎಲ್ಲಿವೆ?"

"ಠಾಣೆಯಲ್ಲಿ. ಒಂದು ಗಂಟೆಗೆ ಫೈಲಿನ ಜೊತೆ ಪಟ್ಟಣಕ್ಕೆ ಹೋಗ್ತವೆ."

"ಪ್ಯಾಂಟಿನ ಮಡಿಕೆಯಲ್ಲಿ ಮಣ್ಣಿದ್ರೆ ಒಂದು ಚಿಟಿಕೆ ಕೊಡಿ ಸಾಕು."

"ಕಾನೂನು..."

"ಡೋರು ತಲೆ ಮೇಲೆ ಗೂಬೆ ಕೂರಿಸುವಾಗ ಕಾನೂನು ಎಲ್ಲಿಗೆ ಹೋಗಿತ್ತು?"

ಕೊಟ್ಟ. ಠಾಣೆಯಲ್ಲಿ ಅವನೇ ಎದುರು ನಿಂತು, ಕಾಗದದ ಪೊಟ್ಟಣ ಕಟ್ಟಿ, ಮೇಲೆ ಸಹಿ ಹಾಕಿ ಕೊಟ್ಟ. ಒಳ್ಳೆಯ ಹುಡುಗ, ಸ್ವಲ್ಪ ನಿಧಾನ.

*

ನನ್ನ ಕೋಣೆಯ ಹೊಸ್ತಿಲಲ್ಲಿ ಇಲಿಂಕಾ ಕೂತಿದ್ದಳು. ಡೋರುವಿನ ಹೆಂಡತಿ. ಊರಲ್ಲಿ ನಾಲ್ಕು ಕಡೆ ಕೂಲಿ ಮಾಡುವ ಹೆಂಗಸು. ಈ ಮೂರು ದಿನದಲ್ಲಿ ಯಾವ ಕಡೆಗೂ ಹೋಗಿರಲಿಲ್ಲ.

"ಒರೋಸಿಯಮ್ಮಾ, ಒಂದು ಗಂಟೆಗೆ ಕರ್ಕೊಂಡು ಹೋಗ್ತಾರಂತೆ."

"ಗೊತ್ತು. ಒಳಗೆ ಬಾ, ಚಳಿ. ಏನಾದ್ರೂ ತಿಂದ್ಯಾ?"

"ಇಲ್ಲ."

ಬ್ರೆಡ್ಡೂ ಹಂದಿಮಾಂಸದ ತುಣುಕೂ ಇದ್ದವು, ಕೊಟ್ಟೆ. ಮುಟ್ಟಲಿಲ್ಲ. "ಅವ್ರು ಒಳಗೆ ಹೋದ್ರೆ ಮತ್ತೆ ಬರೋಲ್ಲ ಅಮ್ಮಾ. ನಮ್ಮ ಪರವಾಗಿ ಮಾತಾಡೋರು ಯಾರಿದ್ದಾರೆ ಈ ಊರಲ್ಲಿ?"

"ನಾನಿದ್ದೀನಲ್ಲ. ನಿನ್ನ ಗಂಡನ್ನ ಮನೆಗೆ ಕಳಿಸೋದು ನನ್ನ ಜವಾಬ್ದಾರಿ. ಸುಮ್ಮನೆ ಕೂತ್ಕೋ."

ಮಾತು ಕೊಟ್ಟುಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ.

ಪೊಟ್ಟಣದ ಮಣ್ಣನ್ನು ನೀರಲ್ಲಿ ಬಿಟ್ಟು, ಜರಡಿ ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸೆಫೆರಿನೊನ ತೋಪಿನದು ಕೆಂಪು ಸುಣ್ಣದ ಮಣ್ಣು. ಅದಿತ್ತು. ಅದರ ಜೊತೆ ಇರಬಾರದ ಎರಡು ವಸ್ತುಗಳೂ ಇದ್ದವು.

ಒಂದು, ಕರಿ ಗೊಬ್ಬರದ ಪುಡಿ, ಅದರಲ್ಲಿ ಕಾಗೆಬಂಗಾರದ ಹಾಗೆ ಫಳಫಳ ಹೊಳೆಯುವ ಪದರದ ಚೂರುಗಳು. ಅದು ನೆಲದಲ್ಲಿ ಸಿಗುವ ಮಣ್ಣಲ್ಲ. ಸಸಿ ಬೆಳೆಸುವ ಕುಂಡದ ಮಣ್ಣು.

ಇನ್ನೊಂದು, ಕೂದಲೆಳೆಯಷ್ಟು ಸಣ್ಣ ಓಕ್ ಬೇರಿನ ತುದಿ.

ಬೇರಿನ ತುದಿಗೆ ಅಣಬೆ ಕುಲಾವಿ ಹೊದಿಸಿದ ಹಾಗೆ ಸುತ್ತಿಕೊಳ್ಳುತ್ತದೆ. ಮರ ಅದಕ್ಕೆ ಸಿಹಿ ಉಣಿಸುತ್ತದೆ, ಅದು ಮರಕ್ಕೆ ಮಣ್ಣಿನ ಸಾರ ಹೀರಿ ಕೊಡುತ್ತದೆ. ಕುಲಾವಿಯ ಮೇಲಿನ ರೋಮ ನೋಡಿದರೆ ಯಾವ ಅಣಬೆ ಅಂತ ಗೊತ್ತಾಗುತ್ತದೆ. ಕರಿಗಡ್ಡೆಯದಾದರೆ ರೋಮ ಕವಲೊಡೆಯುತ್ತದೆ, ಬಡಗಿ ಮೂಲೆಮಟ್ಟ ಹಿಡಿದಷ್ಟು ಲಂಬವಾಗಿ. ಇಲ್ಲಿ ಕವಲೇ ಇಲ್ಲ. ಬರೀ ಮೋಟು ಸೂಜಿಗಳು.

ಅದು ಮಾಗಿಗಡ್ಡೆ. ಹೊರಗಿನಿಂದ ಕರಿಗಡ್ಡೆಯ ತಂಗಿಯ ಹಾಗೇ ಕಾಣುತ್ತದೆ, ಮೂಗಿಗೆ ಹಿಡಿದರೆ ವಾಕರಿಕೆ. ಸಂತೆಯಲ್ಲಿ ಯಾರೂ ಮೂಸುವುದಿಲ್ಲ. ಅದು ಹತ್ತಿದ ಸಸಿ ನೆಟ್ಟವನು ಹತ್ತು ವರ್ಷ ಕಾದು, ಹನ್ನೊಂದನೇ ವರ್ಷ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ.

ಬುಧವಾರ ಮಧ್ಯಾಹ್ನ ಸೆಫೆರಿನೊ ಫೋನ್ ಮಾಡಿದ್ದ. "ನಾಳೆ ಒಂದು ಸಸಿ ತರ್ತೀನಿ ಒರೋಸಿಯಾ. ಬೇರು ನೋಡಿ ಹೇಳು. ಯಾರ ಹತ್ರಾನೂ ಬಾಯಿ ಬಿಡ್ಬೇಡ," ಎಂದಿದ್ದ. ಯಾರ ಸಸಿ ಅಂತ ನಾನು ಕೇಳಿರಲಿಲ್ಲ.

ಸುತ್ತ ಹತ್ತೂರಿಗೆ ಓಕ್ ಸಸಿ ಬೆಳೆಸುವ ನರ್ಸರಿ ಒಂದೇ. ಅದರ ಯಜಮಾನ ನನ್ನ ಒಡಹುಟ್ಟಿದ ತಮ್ಮ ಅಮಾದೆಯೊ. ನವೆಂಬರಿನಲ್ಲಿ ಅವನ ಈ ವರ್ಷದ ಸಸಿಗಳಿಗೆಲ್ಲ ಸರಿಯಿದೆ ಎಂದು ಮೊಹರು ಒತ್ತಿದವಳು ನಾನು. ನಲವತ್ತು ಮನೆಯವರು ಬಾದಾಮಿ ಮರ ಕಿತ್ತು ಆ ಸಸಿ ನೆಡಲು ನೆಲ ಹದಮಾಡಿಕೊಂಡಿದ್ದಾರೆ.

"ಎಲ್ಲಿಗೆ ಹೊರಟ್ರಿ?" ಇಲಿಂಕಾ ಕೇಳಿದಳು.

"ನರ್ಸರಿಗೆ."

"ನಾನೂ ಬರ್ಲಾ?"

"ಬೇಡ. ಇಲ್ಲೇ ಇರು." ದಾರಿಯಲ್ಲೇ ಬೆಲ್ತ್ರಾನ್‌ಗೆ ಫೋನ್ ಮಾಡಿ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿದೆ. ಯಾಕೆಂದು ಹೇಳಲಿಲ್ಲ.

*

"ಓಹೋ! ಅಕ್ಕ! ಶನಿವಾರ ದಾರಿ ತಪ್ಪಿ ಬಂದ್ಯಾ?" ಅಮಾದೆಯೊ ಪ್ಲಾಸ್ಟಿಕ್ ಹೊದಿಕೆಯ ಸಸಿಮನೆಯೊಳಗೆ ಕುಂಡಗಳನ್ನು ಜೋಡಿಸುತ್ತಿದ್ದ. "ಕಾಫಿ ಹಾಕಿಸ್ಲಾ?"

"ಕಾಫಿ ಬೇಡ. ಹತ್ತು ಸಸಿ ಬೇಕು."

"ಯಾಕೆ?"

"ಬೇರು ನೋಡೋಕೆ."

"ನವೆಂಬರಲ್ಲೇ ನೋಡಿದ್ಯಲ್ಲ. ಇರು, ಕೊಡ್ತೀನಿ." ಮುಂದಿನ ಸಾಲಿನ ತಟ್ಟೆಗೆ ಕೈ ಹಾಕಿದ.

"ನೀನು ಕೊಡೋದು ಬೇಡ. ನಾನೇ ಆರಿಸ್ಕೋತೀನಿ."

ಕಾಯಿದೆ ಅದೇ. ಪರೀಕ್ಷೆ ಮಾಡುವವಳು ತನ್ನ ಕೈಯಾರೆ, ಎಲ್ಲೆಂದರಲ್ಲಿಂದ, ಸಸಿ ಕೀಳಬೇಕು. ಉಳಿದ ವರ್ಷಗಳಲ್ಲೆಲ್ಲ ಹಾಗೇ ಮಾಡಿದವಳು ನಾನು. ನವೆಂಬರಿನ ಆ ದಿನ ಚಳಿಗಾಳಿ. ನಾದಿನಿ ಬೆಳ್ಳುಳ್ಳಿ ಹಾಕಿ ಹುರಿದ ಬ್ರೆಡ್ಡಿನ ಬಾಣಲೆ ಮುಂದಿಟ್ಟಳು. "ನೀನ್ಯಾಕೆ ಕೆಸರು ತುಳೀತೀಯ ಅಕ್ಕ" ಎಂದು ಇವನೇ ಹತ್ತು ಸಸಿ ತಂದುಕೊಟ್ಟ. ಹತ್ತೂ ಚಿನ್ನದಂಥವು. ಒಡಹುಟ್ಟಿದವನಲ್ಲವೇ ಎಂದು ಮೊಹರು ಒತ್ತಿ ಮನೆಗೆ ಹೋದೆ. ಥೂ, ನನ್ನ ಜನ್ಮಕ್ಕಿಷ್ಟು!

ನಾನು ನೇರ ಹಿಂದಿನ ಸಾಲಿಗೆ ನಡೆದೆ. ಅವನು ಓಡಿಬಂದು ಅಡ್ಡ ನಿಂತ.

"ಅಲ್ಲಿ ನೀರು ನಿಂತಿದೆ ಅಕ್ಕ. ಜಾರುತ್ತೆ."

"ಸರಿ ಆಚೆ."

ಹಿಂದಿನ ಸಾಲಿನ ಎಲ್ಲ ತಟ್ಟೆಗಳೂ ತುಂಬಿದ್ದವು. ಒಂದರಲ್ಲಿ ಮಾತ್ರ ನಡುವಿನ ಒಂದು ಕುಂಡಕ್ಕೆ ಸಸಿ ಇರಲಿಲ್ಲ. ಕಿತ್ತ ರಭಸಕ್ಕೆ ಅಕ್ಕಪಕ್ಕದ ಕುಂಡಗಳ ಮೇಲೂ ಕರಿಪುಡಿ ಚೆಲ್ಲಿತ್ತು. ಕಾಗೆಬಂಗಾರದ ಚೂರು ಹೊಳೆಯುತ್ತಿತ್ತು.

"ಇದನ್ನ ಕಿತ್ತದ್ದು ಸೆಫೆರಿನೊ," ಎಂದೆ. "ಅವನ ಪ್ಯಾಂಟಿನ ಮಡಿಕೆಯಲ್ಲಿ ಈ ಪುಡಿ ಇತ್ತು. ಇದರ ಬೇರೂ ಇತ್ತು. ಮಾಗಿಗಡ್ಡೆ ಬೇರು. ಬುಧವಾರ ಅವನು ಇಲ್ಲಿಗೆ ಬಂದಿದ್ದ."

ಅಮಾದೆಯೊ ನನ್ನನ್ನೇ ನೋಡಿದ. ಆಮೇಲೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದ.

"ಹೋದ ವರ್ಷ ಮಳೆಯೇ ಇಲ್ಲ ಅಕ್ಕ. ಕರಿಗಡ್ಡೆ ಎಲ್ಲಿತ್ತು? ಬೇರಿಗೆ ಹಚ್ಚೋಕೆ ಏನಾದ್ರೂ ಬೇಕಲ್ಲ. ಮಾಗಿಗಡ್ಡೆ ಅರೆದು ಹಾಕ್ದೆ. ಅದನ್ನ ಬುಟ್ಟಿಗಟ್ಟಲೆ ತಂದದ್ದು ಸೆಫೆರಿನೊ ನೋಡಿದ್ದ."

"ಎಷ್ಟು ಸಸಿಗೆ?"

"ಮುಂದಿನ ಎರಡು ಸಾಲು ಬಿಟ್ಟು ಎಲ್ಲದಕ್ಕೂ."

"ನಲವತ್ತು ಮನೆಗೆ ಮಣ್ಣು ಹಾಕಿದ್ಯಲ್ಲೋ!"

"ಮೊಹರು ನಿಂದು ಅಕ್ಕ," ಎಂದ, ತಲೆ ಎತ್ತದೆ.

ಕೆನ್ನೆಗೆ ಬಾರಿಸಿದೆ. ಅವನಿಗೆ ಐವತ್ತಾರು ವರ್ಷ, ಆದರೂ ಬಾರಿಸಿದೆ. ಕೈ ಚುರುಗುಟ್ಟಿತು. ಅವನು ಹೇಳಿದ್ದು ನಿಜವಾಗಿತ್ತು.

"ಅದಕ್ಕೆ ಅವನ ತಲೆ ಒಡೆದ್ಯಾ?"

"ಇಲ್ಲ! ಅಮ್ಮನಾಣೆ ಇಲ್ಲ. ಬುಧವಾರ ನಾನು ಪಟ್ಟಣಕ್ಕೆ ಹೋಗಿದ್ದೆ. ಆರು ಗಂಟೆಗೆ ಬಂದೆ. ದೀಪ ಉರೀತಿತ್ತು, ಒಬ್ಬರೂ ಇರ್ಲಿಲ್ಲ. ಇಗೋ, ಇಲ್ಲೇ, ಈ ತಟ್ಟೆ ಪಕ್ಕ ಅವನು ಬಿದ್ದಿದ್ದ. ತಲೆ ಹಿಂದೆ ರಕ್ತ. ಕೈಯಲ್ಲಿ ಸಸಿ."

"ಡಾಕ್ಟರಿಗೆ ಯಾಕೆ ಹೇಳಿ ಕಳಿಸ್ಲಿಲ್ಲ?"

"ಪೊಲೀಸರು ಬರ್ತಿದ್ರು. ಅವನ ಕೈಯಲ್ಲಿ ಆ ಸಸಿ ಯಾಕೆ ಅಂತ ಕೇಳ್ತಿದ್ರು. ಅವನು ಹೇಗೂ ಸತ್ತಿದ್ದ ಅಕ್ಕ. ಅವನ ಜೀಪಲ್ಲೇ ಹಾಕ್ಕೊಂಡು ಅವನ ತೋಪಿಗೆ ಹೋದೆ. ಬೇಲಿ ಕತ್ತರಿಸ್ದೆ. ಗುಂಡಿ ತೋಡ್ದೆ. ಕಳ್ಳರು ಬಂದಿದ್ರು ಅಂದ್ಕೊಳ್ಳಲಿ ಅಂತ."

"ಆಮೇಲೆ ಗುಂಡಿ ಮುಚ್ಚಿದೆ. ಸಿಕ್ಕಿಬಿದ್ದದ್ದೇ ಅದರಿಂದ."

ಅವನು ಹುಬ್ಬು ಗಂಟಿಕ್ಕಿದ. "ಇಲ್ವಲ್ಲ. ಕೈ ತಡೀತಿರಲಿಲ್ಲ, ಆದ್ರೂ ಬೇಕಂತಲೇ ತೆರೆದಿಟ್ಟು ಬಂದೆ. ಕಳ್ಳರು ಮುಚ್ಚೋದಿಲ್ವಲ್ಲ."

"ಸುಳ್ಳು ಹೇಳ್ಬೇಡ."

"ಇಷ್ಟೆಲ್ಲಾ ಹೇಳಿ ಇದೊಂದು ಸುಳ್ಳು ಹೇಳಿ ನನಗೇನಾಗ್ಬೇಕು?"

ಆಗ ಆ ಅಂಗೈ ಗುರುತು ನೆನಪಾಯಿತು. ಕಾಲಲ್ಲಿ ತುಳಿಯದೆ ಅಂಗೈಯಲ್ಲಿ ಒತ್ತುವವನು ಯಾರು? ನಿಲ್ಲಲಾರದವನು. ಗುಂಡಿ ಇದ್ದದ್ದು ಸೆಫೆರಿನೊನ ಬಲಗೈಯ ಹತ್ತಿರ. ಪ್ರಾಣ ಹೋದದ್ದು ಬೆಳಗಿನ ಜಾವ ಎಂದು ಪಟ್ಟಣದ ವೈದ್ಯರು ಬರೆದಿದ್ದರು. ಅದಕ್ಕೇ ತಾನೆ ನಾವೆಲ್ಲ ಹೊಡೆತ ಬಿದ್ದದ್ದೂ ಬೆಳಗಿನ ಜಾವವೇ ಅಂದುಕೊಂಡದ್ದು!

ಅವನತ್ತ ತಿರುಗಿದೆ.

"ಅಮಾದೆಯೊ, ಅವನು ಸತ್ತಿರಲಿಲ್ಲ."

"ಏನು?"

"ನೀನು ಬಿಟ್ಟು ಬಂದ ಮೇಲೆ ಅವನಿಗೆ ಎಚ್ಚರವಾಗಿದೆ. ಏಳೋಕೆ ಆಗಿಲ್ಲ. ಪಕ್ಕದಲ್ಲಿ ತನ್ನ ಮರದ ಬೇರು ಹಿಮದಲ್ಲಿ ತೆರೆದು ಬಿದ್ದಿರೋದು ಕಂಡಿದೆ. ಮಲಗಿದ ಕಡೆಯಿಂದಲೇ ಮಣ್ಣು ಎಳೆದು ಮುಚ್ಚಿದ್ದಾನೆ. ಅವನನ್ನ ಕೊಂದದ್ದು ಹೊಡೆತ ಅಲ್ಲ, ಚಳಿ. ಬೆಳಗಿನ ತನಕ ಬದುಕಿದ್ದ ಕಣೋ."

ಅಮಾದೆಯೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅದುರುತ್ತಿತ್ತು. ಚಿಕ್ಕವನಿದ್ದಾಗ ಅತ್ತರೆ ಎತ್ತಿಕೊಳ್ಳುತ್ತಿದ್ದೆ. ಈಗ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಸಂಕಟವೂ ಆಗುತ್ತಿತ್ತು, ಅಸಹ್ಯವೂ ಆಗುತ್ತಿತ್ತು.

ಫೋನ್ ಬಡಿದುಕೊಂಡಿತು. ಬೆಲ್ತ್ರಾನ್. ಹನ್ನೆರಡೂ ಇಪ್ಪತ್ತು.

"ಡಾಕ್ಟರಮ್ಮಾ..."

"ಮೊದಲು ನಾನು ಹೇಳ್ತೀನಿ, ಕೇಳಿ. ಜೀಪು ಕಳಿಸಿ. ಸೆಫೆರಿನೊನನ್ನ ನರ್ಸರಿಯಿಂದ ತೋಪಿಗೆ ಸಾಗಿಸಿದವನು ನನ್ನ ತಮ್ಮ ಅಮಾದೆಯೊ. ಒಪ್ಕೊಂಡಿದ್ದಾನೆ. ಸಸಿಗಳಿಗೆ ನಾನು ಒತ್ತಿದ ಮೊಹರೂ ತಪ್ಪು, ಅದನ್ನೂ ಬರ್ಕೊಳ್ಳಿ. ಡೋರುವನ್ನ ಬಿಟ್ಟುಬಿಡಿ."

ಆಚೆ ಕಡೆ ಕಾಗದ ಮಗುಚುವ ಸದ್ದು.

"ಕೇಳಿಸ್ತಾ ಸಾರ್ಜೆಂಟರೇ?"

"ಕೇಳಿಸ್ತು. ಆದ್ರೆ ಬಿಡೋದು ಹೇಗೆ? ಡೋರು ಈಗ ತಾನೇ ಬರೆದುಕೊಟ್ಟ. ಸೆಫೆರಿನೊನ ತಲೆಗೆ ಹೊಡೆದದ್ದು ನಾನೇ ಅಂತ. ಸಹಿಯೂ ಹಾಕ್ದ."

"ಎರಡು ದಿನ ನಾನಲ್ಲ ಅಂತಿದ್ದವನು? ಕೈ ಮಾಡಿದ್ರಾ ಅವನ ಮೇಲೆ?"

"ದೇವರಾಣೆ ಇಲ್ಲ. ಊಟದ ತಟ್ಟೆ ಕೊಡುವಾಗ ಧೈರ್ಯ ಹೇಳೋಣ ಅಂತ, 'ಡಾಕ್ಟರಮ್ಮ ನಿನಗೋಸ್ಕರ ನರ್ಸರಿ ತನಕ ಹೋಗಿದ್ದಾರಪ್ಪ' ಅಂದೆ. ಅಷ್ಟೇ ಅಂದದ್ದು. ಮುಖ ಬಿಳಿಚಿಕೊಂಡ. ಊಟ ಬಿಟ್ಟು ಪೆನ್ನು ಕೇಳಿದ."

ನಾನು ಫೋನನ್ನು ಕಿವಿಯಿಂದ ಇಳಿಸಿದೆ. ಸೆಫೆರಿನೊ ಬಿದ್ದದ್ದು ಇಲ್ಲಿ ಎಂದು ಬೆಲ್ತ್ರಾನ್‌ಗೂ ಈಗ ತಾನೇ ಗೊತ್ತಾದದ್ದು. ಲಾಕಪ್ಪಿನಲ್ಲಿದ್ದವನಿಗೆ ನರ್ಸರಿ ಅಂದರೆ ಭಯ ಯಾಕೆ?

"ಅಮಾದೆಯೊ, ಮುಖ ಎತ್ತು. ಬುಧವಾರ ನೀನು ಪಟ್ಟಣಕ್ಕೆ ಹೋದಾಗ ಸಸಿಗೆ ನೀರು ಹಾಕೋಕೆ ಯಾರನ್ನ ಬಿಟ್ಟು ಹೋಗಿದ್ದೆ?"

"ಬುಧವಾರವಾ?" ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಯಾವಾಗಲೂ ಬರೋಳೇ ಅಕ್ಕ. ಇಲಿಂಕಾ."